ಅಕ್ಟೋಬರ್ 4ರ ಮರುದಿನ 15

‘ಚರಿತ್ರೆಯಲ್ಲಿ ಈ ದಿನ’ ಎನ್ನುವ ಪುಟ್ಟ ಅಂಕಣಕ್ಕೆ ಕ್ರೈಸ್ತ ಚರಿತ್ರೆಯ ಸಾಲುಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಹೊಸಬರು ಇದನ್ನು ಗುಮಾಸ್ತಿಕೆ ಎಂದುಕೊಂಡು ಬರುತ್ತಾರೆ. ಇಸವಿ ಹುಡುಕುವುದು, ಒಂದು ಸಾಲು ಬರೆಯುವುದು, ಮುಂದಿನ ದಿನಕ್ಕೆ ಹೋಗುವುದು, ಅಷ್ಟೇ ಅಂತ. ಅವರಿಗೆ ನಾನು ಮೊದಲು ಕೊಡುವ ದಿನ ಅಕ್ಟೋಬರ್ 4. ತಾರೀಖನ್ನು ಎಷ್ಟು ವಿಚಾರಿಸಿ ಬರೆಯಬೇಕು ಅನ್ನುವುದನ್ನು ಅದೊಂದೇ ದಿನ ಕಲಿಸುತ್ತದೆ.

ಅಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಆದರೆ ಅವರು ತೀರಿಕೊಂಡದ್ದು 1226ರ ಅಕ್ಟೋಬರ್ 3ರಂದು, ಹೊತ್ತು ಮುಳುಗಿದ ಮೇಲೆ. ಹಬ್ಬ ಒಂದು ದಿನ ತಡವಾಯಿತೇ? ಇಲ್ಲ. ಚರ್ಚಿನ ಆರಾಧನಾ ಲೆಕ್ಕದಲ್ಲಿ ಹಬ್ಬದ ದಿನ ಹಿಂದಿನ ಸಂಜೆಯ ಪ್ರಾರ್ಥನೆಯಿಂದಲೇ ಶುರುವಾಗುತ್ತದೆ. ಆ ಲೆಕ್ಕಕ್ಕೆ 4 ಆಗಲೇ ಬಂದಿತ್ತು. ಇವತ್ತಿಗೂ ಫ್ರಾನ್ಸಿಸ್ಕನ್ನರು ಅವರ ಮರಣವನ್ನು 3ರ ಸಂಜೆ ನೆನೆದು, ಹಬ್ಬವನ್ನು 4ರಂದು ಮಾಡುತ್ತಾರೆ. ಹಾಗಾಗಿ ‘ಸಂಜೆ’ ಅನ್ನುವುದನ್ನು ಜಾಗ ಉಳಿಸಲೆಂದು ಕತ್ತರಿಸಬಾರದು.

ಇನ್ನು ಆವಿಲಾದ ತೆರೇಸಾ. ಈ ಕೆಲಸದ ಮೇಲೆ ನನಗೆ ಪ್ರೀತಿ ಹುಟ್ಟಿಸಿದ ಸಾಲು ಇವರದು. ಸ್ಪೇನಿನಲ್ಲಿ ಕಾರ್ಮೆಲ್ ಮಠಗಳನ್ನು ಸುಧಾರಿಸುತ್ತ ಊರೂರು ತಿರುಗಿದ ಈ ಸನ್ಯಾಸಿನಿ, 67ರ ವಯಸ್ಸಿನಲ್ಲಿ, 1582ರ ಅಕ್ಟೋಬರ್ 4ರ ರಾತ್ರಿ ಆಲ್ಬಾ ದೆ ತೋರ್ಮೆಸ್‌ನಲ್ಲಿ ಕೊನೆಯುಸಿರೆಳೆದರು. ಮರುದಿನ ಮಣ್ಣು ಮಾಡಿದರು. ಆ ಮರುದಿನದ ತಾರೀಖು ಅಕ್ಟೋಬರ್ 15!

ಹದಿನೈದರಲ್ಲಿ ನಾಲ್ಕು ಕಳೆದು, ದೇಹವನ್ನು ಹನ್ನೊಂದು ದಿನ ಇಟ್ಟಿದ್ದರು ಎಂದು ಬರೆಯಲು ಯಾರಿಗಾದರೂ ಕೈ ಹೋದೀತು. ಕಳೆದದ್ದು ಒಂದೇ ರಾತ್ರಿ. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಜೂಲಿಯನ್ ಕ್ಯಾಲೆಂಡರಿನ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಶತಮಾನಗಳು ಉರುಳಿದಂತೆ ಆ ವ್ಯತ್ಯಾಸ ಬೆಳೆದು, ಈಸ್ಟರ್ ಲೆಕ್ಕಕ್ಕೆ ಆಧಾರವಾದ, ಹಗಲು ರಾತ್ರಿ ಸಮವಾಗುವ ವಸಂತ ವಿಷುವ ಮಾರ್ಚ್ 21ರಿಂದ 11ಕ್ಕೆ ಸರಿದಿತ್ತು. ಅದನ್ನು ಸರಿಪಡಿಸಲು ಪೋಪ್ 13ನೇ ಗ್ರೆಗರಿ ಹತ್ತು ತಾರೀಖುಗಳನ್ನು ತೆಗೆದುಹಾಕಿಸಿದರು. ವಾರಗಳನ್ನು ಮಾತ್ರ ಮುಟ್ಟಲಿಲ್ಲ: 4 ಗುರುವಾರ, 15 ಶುಕ್ರವಾರ. ಸ್ಪೇನ್ ಕೂಡಲೇ ಒಪ್ಪಿಕೊಂಡಿತು. ಬ್ರಿಟನ್ ಒಪ್ಪಿದ್ದು 1752ರಲ್ಲಿ.

ಅದಕ್ಕೇ ಈ ನಡುವಿನ ಕಾಲದ ಇಂಗ್ಲೆಂಡಿನ ಘಟನೆ ಬಂದರೆ ನಾನು ನಿಧಾನಿಸುತ್ತೇನೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಲಾಡ್ ಅವರ ಶಿರಚ್ಛೇದವಾದದ್ದು 1645ರ ಜನವರಿ 10. ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿದ್ದುದರಿಂದ ಅಂದಿನವರಿಗೆ ಅದು ಇನ್ನೂ 1644. ಗ್ರೆಗೋರಿಯನ್ ಲೆಕ್ಕದಲ್ಲಾದರೆ ಜನವರಿ 20. ಒಬ್ಬನೇ ಮನುಷ್ಯ, ಒಂದೇ ಸಾವು, ದಿನವೂ ಇಸವಿಯೂ ಬೇರೆ ಬೇರೆ. ಇಂಥ ಕಡೆ ಯಾವ ಕ್ಯಾಲೆಂಡರ್ ಎಂದು ಬರೆಯದೆ ಬಿಡುವುದು ಓದುಗರಿಗೆ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಅಕ್ಟೋಬರ್ 4ಕ್ಕೆ ಇನ್ನೂ ಇವೆ. ಇಂಗ್ಲಿಷಿನ ಮೊದಲ ಪೂರ್ಣ ಮುದ್ರಿತ ಬೈಬಲ್, ಮೈಲ್ಸ್ ಕವರ್‌ಡೇಲ್ ಅವರದು, 1535ರಲ್ಲಿ ಅಂದೇ ಅಚ್ಚಾಗಿ ಮುಗಿಯಿತು. ಅದು ಮುದ್ರಣ ಮುಗಿದ ದಿನ, ಅನುವಾದ ಮುಗಿದ ದಿನವಲ್ಲ. 1965ರಲ್ಲಿ ಪೋಪ್ 6ನೇ ಪಾಲ್ ವಿಶ್ವಸಂಸ್ಥೆಯಲ್ಲಿ ಯುದ್ಧದ ವಿರುದ್ಧ ಮಾತಾಡಿದ್ದೂ ಅಂದೇ. ಅದರಲ್ಲಿ ತೊಡಕಿಲ್ಲ.

ನಮ್ಮ ಕಡತದಲ್ಲಿ ಈಗ ಪ್ರತಿ ತಾರೀಖಿನ ಪಕ್ಕ ಸ್ಥಳ, ಕ್ಯಾಲೆಂಡರ್, ಗೊತ್ತಿದ್ದರೆ ಹೊತ್ತು, ಅದು ಘಟನೆಯೋ ಹಬ್ಬವೋ ಎಂಬುದು ಇರಲೇಬೇಕು. ತೆರೇಸಾರ ಮರಣ 4ರಂದು, ಹಬ್ಬ 15ರಂದು. ಎರಡೂ ಕಡೆ ನಡುವಿನ ಹತ್ತು ತಾರೀಖು ಏನಾಯಿತೆಂದು ಒಂದು ವಾಕ್ಯ. ಜಾಗ ಸಾಲದಿದ್ದರೆ ಬೇರೆ ಘಟನೆಯನ್ನು ಬಿಡುತ್ತೇನೆ, ಆ ವಾಕ್ಯವನ್ನು ಬಿಡುವುದಿಲ್ಲ.