‘ಬಾಕಿ ರೊಕ್ಕ ಯಾರು ಕಟ್ಟಬೇಕ್ರಿ?’

2019ರ ಮಾರ್ಚ್. ಬೆಂಗಳೂರಿನ ಹೊರಗಿನ ಒಂದು ಇಟ್ಟಿಗೆ ಗೂಡಿನಲ್ಲಿ ಜೀತಕ್ಕಿದ್ದ ಹನ್ನೊಂದು ಜನರನ್ನು ಅಧಿಕಾರಿಗಳು ಬಿಡಿಸಿಕೊಂಡು ಬಂದಿದ್ದರು. ಎಲ್ಲರೂ ರಾಯಚೂರು ಕಡೆಯವರು. ನಾನು ವಕೀಲಿಕೆ ಶುರು ಮಾಡಿ ಆಗಿನ್ನೂ ಎರಡನೇ ವರ್ಷ. ಹೇಳಿಕೆ ಬರೆದುಕೊಳ್ಳಲು ನೆರವಾಗೋಣ ಅಂತ ಹೋಗಿದ್ದೆ.

ಕಚೇರಿಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಚೀಲ, ಪಾತ್ರೆ, ಕಾಲು ಕಟ್ಟಿದ ಒಂದು ಕೋಳಿ. ಒಬ್ಬ ಅಕ್ಕ ಸೆರಗಿನಿಂದ ಅಂಗೈಯಗಲದ ನೋಟ್‌ಬುಕ್ ತೆಗೆದು ಕೊಟ್ಟರು. ಮೊದಲ ಸಾಲು: ಮುಂಗಡ 30,000. ಆಮೇಲೆ ವಾರವಾರದ ಸಂತೆ ದುಡ್ಡು, ಮಗಳ ಜ್ವರಕ್ಕೆ 500. ಎಲ್ಲಾ ಮೇಸ್ತ್ರಿಯ ಅಕ್ಷರ. ಅವರು ಎಷ್ಟು ಸಾವಿರ ಇಟ್ಟಿಗೆ ಕೊಯ್ದರು ಅನ್ನೋ ಲೆಕ್ಕ ಮಾತ್ರ ಎಲ್ಲೂ ಇರಲಿಲ್ಲ.

“ನೀವಾಗೇ ಬಂದಿದ್ದಲ್ವಾ? ಯಾರಾದ್ರೂ ಕಟ್ಟಿ ಹಾಕಿದ್ರಾ?” ಹೇಳಿಕೆ ಬರೆಯುತ್ತಿದ್ದ ಅಧಿಕಾರಿ ಕೇಳಿದರು.

“ಇಲ್ರಿ.”

ನನ್ನ ಎದೆ ಧಸಕ್ಕೆಂದಿತು. ಆ ಒಂದು ‘ಇಲ್ರಿ’ ಸಾಕು, ಕೇಸು ಅಲ್ಲೇ ಮುಗಿಯುತ್ತಿತ್ತು. “ಅಕ್ಕಾ, ನಡುವೆ ಊರಿಗೆ ಹೋಗಿದ್ರಾ?” ಅಂದೆ.

“ನಮ್ಮವ್ವ ಸತ್ತಾಗೂ ಬಿಡಲಿಲ್ರಿ. ಮಗಳನ್ನ ಇಲ್ಲೇ ಬಿಟ್ಟು ಹೋಗು ಅಂದ್ರು.”

1976ರ ಜೀತ ರದ್ದತಿ ಕಾಯ್ದೆ ಸರಪಳಿ ಇತ್ತಾ ಅಂತ ಕೇಳುವುದಿಲ್ಲ. ಮುಂಗಡದ ಸಲುವಾಗಿ ಬೇರೆ ಕಡೆ ಹೋಗುವ, ದುಡಿಯುವ ಸ್ವಾತಂತ್ರ್ಯ ಹೋದರೆ ಅದೇ ಜೀತ. ಮೋಸದಿಂದಲೋ ದುಡ್ಡಿನ ಆಸೆ ತೋರಿಸಿಯೋ ಜೀತಕ್ಕೆ ಕರೆತಂದಿದ್ದರೆ ಅದು ಮಾನವ ಕಳ್ಳಸಾಗಣೆ. ಆಗ ಐಪಿಸಿಯ 370ನೇ ಕಲಂ, ಈಗ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಅವರಾಗೇ ಒಪ್ಪಿ ಬಂದರು ಅನ್ನುವುದು ಲೆಕ್ಕಕ್ಕೇ ಇಲ್ಲ. 2013ರಿಂದ ಕಾನೂನಿನಲ್ಲಿ ಹಾಗಂತ ಸ್ಪಷ್ಟವಾಗಿ ಬರೆದಿದೆ. ಪುಸ್ತಕ ತೆರೆದು ಗಟ್ಟಿಯಾಗಿ ಓದಿದೆ. ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆ ಬದಲಿಸಿದರು.

ಹೇಳಿಕೆಗೆ ಅಕ್ಕ ಹೆಬ್ಬೆಟ್ಟು ಒತ್ತಿದರು. ಬರೀ ನೀಲಿ ಮಚ್ಚೆ ಬಂತು, ಒಂದು ಗೆರೆಯೂ ಮೂಡಲಿಲ್ಲ. ಮಣ್ಣು ಕಲಸಿ ಕಲಸಿ ಬೆರಳು ಸವೆದಿತ್ತು. ಎರಡು ಸಲ ಒರೆಸಿ ಒತ್ತಿಸಿದೆವು.

ಸಂಜೆ ಬಿಡುಗಡೆ ಪತ್ರ ಕೈಗೆ ಬಂತು. ಅಕ್ಕ ಮೊದಲು ಕೇಳಿದ್ದು, “ಬಾಕಿ ರೊಕ್ಕ ಯಾರು ಕಟ್ಟಬೇಕ್ರಿ ಮೇಡಂ?”

“ಯಾರೂ ಕಟ್ಟೋ ಹಾಗಿಲ್ಲ ಅಕ್ಕಾ. ಆ ಸಾಲ ಇವತ್ತಿಗೆ ಸತ್ತಹಾಗೆ. ವಸೂಲಿ ಮಾಡಿದರೆ ಅವನಿಗೇ ಜೈಲು.”

ಅವರು ನಂಬಲಿಲ್ಲ. ಹೇಗೆ ನಂಬುತ್ತಾರೆ? ಜೀತದಿಂದ ಬಿಡುಗಡೆಯಾದವರಿಗಿದ್ದ ಆಗಿನ ಸರ್ಕಾರಿ ಯೋಜನೆಯಲ್ಲಿ ತಕ್ಷಣ ಸಿಗುತ್ತಿದ್ದದ್ದು 20,000 ರೂಪಾಯಿವರೆಗೆ. ಹೆಂಗಸರಿಗೆ ಅಂತ ಇದ್ದ 2 ಲಕ್ಷದ ಪರಿಹಾರ ಕೇಸು ಮುಗಿದ ಮೇಲೆ. ಅಲ್ಲಿಯವರೆಗೆ ಹೊಟ್ಟೆಗೆ ಏನು? ಮುಂದಿನ ಹಂಗಾಮಿಗೆ ಮೇಸ್ತ್ರಿ ಮತ್ತೆ ಮುಂಗಡ ಹಿಡಿದು ಬಾಗಿಲಿಗೆ ಬರುತ್ತಾನೆ. ಈ ನಿಯಮದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಬಸ್ ಹತ್ತುವ ಮೊದಲು ಅಕ್ಕ ಪತ್ರ ಬಿಚ್ಚಿದರು. “ಇನ್ನೊಮ್ಮೆ ಓದ್ರಿ.” ಓದಿದೆ. ಮಗಳನ್ನೂ ಹತ್ತಿರ ಕರೆದು ಮತ್ತೆ ಓದಿಸಿದರು. ನೋಟ್‌ಬುಕ್ ಸಾಕ್ಷಿಗೆ ಬೇಕು ಅಂತ ಕಡತ ಸೇರಿತ್ತು. ಅದಿದ್ದ ಸೆರಗಿನ ಗಂಟಿಗೆ ಪತ್ರ ಮಡಚಿ ಇಟ್ಟುಕೊಂಡರು.