ಚೀಟಿಯಲ್ಲಿ ಬರೆಯದ ಸಂಖ್ಯೆ

ಸ್ಕ್ಯಾನ್‌ಗೆಂದು ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿದ್ದದ್ದು ಎರಡೇ ಪದ: ತಲೆನೋವು, ಫಿಟ್ಸ್. ಎಂ.ಆರ್.ಐ. ಪರದೆಯಲ್ಲಿ ಉಂಗುರದಂಥ ಐದಾರು ಗಡ್ಡೆಗಳು, ಸುತ್ತಲೂ ಬಾವು. ನಮ್ಮ ಕಡೆ ಉಂಗುರ ಕಂಡರೆ ಮೊದಲು ಬಾಯಿಗೆ ಬರುವುದು ಟಿ.ಬಿ. ಗಡ್ಡೆ, ಇಲ್ಲವೇ ಲಾಡಿಹುಳುವಿನ ಮರಿ. ಆದರೆ ಇವು ಕೂತ ಜಾಗ ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಬೂದು-ಬಿಳಿ ದ್ರವ್ಯ ಕೂಡುವ ಅಂಚು. ಒಂದು ಉಂಗುರದ ಒಳಗೋಡೆಗೆ ಅಂಟಿಕೊಂಡು ಸಣ್ಣ ಮಣಿಯಂಥ ಹೊಳಪು. ರೋಗನಿರೋಧಕ ಶಕ್ತಿ ಕುಸಿದವರ ಮೆದುಳಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬಿಟ್ಟುಹೋಗುವ ಗುರುತು ಅದು. ಎಲ್ಲರಲ್ಲೂ ಸಿಗದು, ಸಿಕ್ಕಾಗ ಕಡೆಗಣಿಸಬಾರದು.

ಆ ಡಾಕ್ಟರಿಗೆ ಫೋನಿನಲ್ಲಿ ನಾನು ಕೇಳಿದ್ದು ಇಷ್ಟೇ: "ಸಿಡಿ4 ಎಷ್ಟು?" ಎಚ್‌ಐವಿ ಇದ್ದವರಲ್ಲಿ ಕುಸಿಯುವ ರೋಗನಿರೋಧಕ ಕಣಗಳ ಲೆಕ್ಕ ಅದು. ಆ ಕಡೆ ಕೊಂಚ ಹೊತ್ತು ಮಾತಿಲ್ಲ. ಆಮೇಲೆ, "ನಲವತ್ತೆರಡು. ಅದನ್ನೆಲ್ಲ ಚೀಟಿಯಲ್ಲಿ ಬರೆಯೋಕಾಗುತ್ತಾ?"

ವಾರವಿಡೀ ಕಿವಿಯಲ್ಲಿ ಅದೇ ಮಾತು. ಬರೆಯೋಕಾಗುತ್ತಾ? ಕೇಳಿದ ಡಾಕ್ಟರು ಕಾಳಜಿಯವರೇ, ರೋಗಿಯ ಮಾನ ಕಾಯಲೆಂದೇ ಬಿಟ್ಟಿದ್ದರು. ಚೀಟಿ ಹತ್ತು ಕೈ ದಾಟುತ್ತದೆ, ನಿಜ. ಆದರೆ 2017ರ ಎಚ್‌ಐವಿ ಕಾಯ್ದೆ ಗುಟ್ಟನ್ನು ಕಾಯುತ್ತಲೇ, ಚಿಕಿತ್ಸೆಗೆ ಅಗತ್ಯವಾದಾಗ ಅದೇ ರೋಗಿಯನ್ನು ನೋಡುವವರು ಪರಸ್ಪರ ತಿಳಿಸಲು ದಾರಿ ಬಿಟ್ಟಿದೆ. ಬರೆಯಲು ಹಿಂಜರಿಕೆಯಾದರೆ ಫೋನ್ ಮಾಡಿ ಹೇಳಲಿ.

ಆ ಸಂಖ್ಯೆ ಗೊತ್ತಿಲ್ಲದಿದ್ದರೆ ಚಿತ್ರ ಮೋಸ ಮಾಡುತ್ತದೆ. ಉಂಗುರ ಹೊಳೆಯುವುದು ದೇಹ ಸೋಂಕಿನೊಡನೆ ಸೆಣಸುವಾಗ. ಸೆಣಸುವ ಶಕ್ತಿ ಕುಂದಿದಂತೆ ಹೊಳಪೂ ಮಂಕಾಗುತ್ತದೆ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ಸೋಂಕಿನಲ್ಲಂತೂ ಸಿ.ಟಿ. ನಾರ್ಮಲ್ ಎಂದೇ ಬರಬಹುದು. ಬೇಸಲ್ ಗ್ಯಾಂಗ್ಲಿಯಾದ ರಕ್ತನಾಳಗಳ ಸುತ್ತ ಸಾಬೂನು ಗುಳ್ಳೆಯಂಥ ಪುಟ್ಟ ಚೀಲಗಳಿವೆಯೇ ಎಂದು ಎಂ.ಆರ್.ಐ.ನ ಟಿ2 ಚಿತ್ರದಲ್ಲಿ ಹುಡುಕಬೇಕು. ಸ್ಕ್ಯಾನ್ ನಾರ್ಮಲ್ ಎಂದು ಅಂಥವರನ್ನು ಮನೆಗೆ ಕಳಿಸಲೇಬಾರದು. ಬೆನ್ನುನೀರಿನ ಒತ್ತಡ ಅಳೆದು, ಅಳತೆಯ ಕೊಳವೆಯಲ್ಲಿ ಅದು 25 ಸೆಂ.ಮೀ. ಎತ್ತರ ದಾಟಿದ್ದರೆ ನೀರು ತೆಗೆದು ಇಳಿಸಬೇಕು.

ಲಿಂಫೋಮಾ ಎಂಬ ಕ್ಯಾನ್ಸರಿನ ಮೋಸ ಇನ್ನೊಂದು ಬಗೆಯದು. ಹೆಚ್ಚಾಗಿ ಒಂಟಿ ಗಡ್ಡೆ, ಮೆದುಳಿನ ಕುಹರಗಳ ಅಂಚಿಗೆ ಆತುಕೊಂಡಿರುತ್ತದೆ. ಸ್ಟೀರಾಯ್ಡ್ ಬಿದ್ದರೆ ಅದೂ ಕುಗ್ಗುತ್ತದೆ. ಟಾಕ್ಸೊ ಔಷಧಿಯೇ ಕೆಲಸ ಮಾಡಿತು ಅನ್ನಿಸಿಬಿಡುತ್ತದೆ. ಬಾವು ಮೆದುಳನ್ನೇ ತಳ್ಳುತ್ತಿದ್ದರೆ ಮಾತ್ರ ಸ್ಟೀರಾಯ್ಡ್.

ಈ ರೋಗಿಗೆ ಅದರ ಅಗತ್ಯ ಬೀಳಲಿಲ್ಲ. ಟಾಕ್ಸೊಗೆ ಕೊಡುವ ಪಿರಿಮೆಥಮೈನ್ ಕೈಗೆ ಸಿಗದೆ, ಬದಲಿಗೆ ಕೋಟ್ರೈಮಾಕ್ಸಜೋಲ್ ಶುರುವಾಗಿದೆ. ಎರಡು ವಾರಕ್ಕೆ ಮತ್ತೆ ಎಂ.ಆರ್.ಐ.; ಗಡ್ಡೆಗಳು ಕುಗ್ಗದಿದ್ದರೆ ಬಯಾಪ್ಸಿಯ ಮಾತು. ಅಷ್ಟರಲ್ಲಿ ಎಚ್‌ಐವಿಯ ಔಷಧಿ, ಎ.ಆರ್.ಟಿ., ಶುರುವಾಗಿದ್ದರೆ ಆ ತಾರೀಖನ್ನೂ ತಿಳಿಸಲಿ. ರೋಗನಿರೋಧಕ ಶಕ್ತಿ ಮರಳುವಾಗ ಅವೇ ಉಂಗುರಗಳು ಇನ್ನಷ್ಟು ಹೊಳೆದು, ಕಾಯಿಲೆ ಉಲ್ಬಣಿಸಿದಂತೆ ಕಾಣುವುದುಂಟು.