ಹೋವರ್‌ಕ್ರಾಫ್ಟ್ ಮಾದರಿಯ ತಳ: ಥರ್ಮಾಕೋಲ್‌ಗೆ ಕಾಗದದ ಹೊದಿಕೆ

ಹೋವರ್‌ಕ್ರಾಫ್ಟ್ ಎಂದರೆ ಫ್ಯಾನು ತಳದ ಕೆಳಗೆ ತಳ್ಳುವ ಗಾಳಿಯ ಮೇಲೆ ನೆಲ ಬಿಟ್ಟು ತೇಲುವ ಗಾಡಿ. ಅದರ ಮಾದರಿ ಮಾಡಲು ಹೊರಟವರು ಮೋಟಾರ್ ಯಾವುದು, ಬ್ಯಾಟರಿ ಎಷ್ಟರದ್ದು ಎಂದು ನಾಲ್ಕು ಕಡೆ ವಿಚಾರಿಸುತ್ತಾರೆ. ತಳಕ್ಕೆ ಮಾತ್ರ ಅಂಗಡಿಯಲ್ಲಿ ಕೈಗೆ ಸಿಕ್ಕ ಸನ್‌ಬೋರ್ಡನ್ನೋ 3 ಮಿ.ಮೀ. ಪ್ಲೈವುಡ್ಡನ್ನೋ ತಂದು ಕೊಯ್ದುಬಿಡುತ್ತಾರೆ. ಆಮೇಲೆ ಮೋಟಾರ್ ಎಷ್ಟು ಕೂಗಿದರೂ ಗಾಡಿ ನೆಲ ಬಿಡುವುದಿಲ್ಲ.

60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ತಳ ಇಟ್ಟುಕೊಳ್ಳಿ. ಇಡೀ ಗಾಡಿ 900 ಗ್ರಾಂ ಇದ್ದರೆ ಅದನ್ನು ಎತ್ತಲು ಕೆಳಗಿನ ಗಾಳಿಗೆ ಸುಮಾರು 37 ಪಾಸ್ಕಲ್ ಒತ್ತಡ ಸಾಕು, ಅಂದರೆ ನಾಲ್ಕು ಮಿ.ಮೀ. ನೀರಿನ ಭಾರದಷ್ಟೂ ಇಲ್ಲ. ಇಷ್ಟು ನಾಜೂಕಿನ ವ್ಯವಹಾರದಲ್ಲಿ ತಳದ ಒಂದೊಂದು ನೂರು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಈ ಅಳತೆಯ 3 ಮಿ.ಮೀ. ಪ್ಲೈವುಡ್ ಸುಮಾರು 430 ಗ್ರಾಂ ತೂಗುತ್ತದೆ. 5 ಮಿ.ಮೀ. ಸನ್‌ಬೋರ್ಡ್ ನೋಡಲು ಹಗುರ ಅನಿಸಿದರೂ 600 ಗ್ರಾಂ ಮುಟ್ಟುತ್ತದೆ, ಅದು ಪಿವಿಸಿ. 20 ಮಿ.ಮೀ. ಥರ್ಮಾಕೋಲ್ ಬರೀ 70–75 ಗ್ರಾಂ.

ಆದರೆ ಬರೀ ಥರ್ಮಾಕೋಲ್ ನಮ್ಮ ಕಡಕ್ ರೊಟ್ಟಿ ಇದ್ದ ಹಾಗೆ. ಹಗುರ ನಿಜ, ಒತ್ತಿದರೆ ಲಟಕ್ಕನೆ ಮುರಿಯುತ್ತದೆ. ಮುರಿಯುವ ಮೊದಲು ಬಾಗುತ್ತದೆ, ತೊಂದರೆ ಶುರುವಾಗುವುದೇ ಅಲ್ಲಿ. ಗಾಡಿಯನ್ನು ಎತ್ತುವ ಫ್ಯಾನು ತಳದಲ್ಲಿ ಕೊರೆದ ತೂತಿನೊಳಗೆ ತಿರುಗುತ್ತದೆ; ಅದರ ರೆಕ್ಕೆಗೂ ತೂತಿನ ಅಂಚಿಗೂ ನಡುವೆ ಇರುವ ಜಾಗ 2–3 ಮಿ.ಮೀ. ಅಷ್ಟೆ. ತಳ ಬಾಗಿದರೆ ರೆಕ್ಕೆ ಅಂಚಿಗೆ ತಾಗುತ್ತದೆ. ತಳ ತಿರುಚಿಕೊಂಡರೆ ಒಂದು ಮೂಲೆ ನೆಲಕ್ಕೆ ಕೂತು, ಎದುರಿನ ಮೂಲೆಯಿಂದ ಗಾಳಿ ಸೋರಿಹೋಗುತ್ತದೆ. ಗಾಡಿ ಇದ್ದಲ್ಲೇ ಗಿರಗಿರ ತಿರುಗುವುದಕ್ಕೆ ಬಹಳ ಸಲ ಇದೇ ಕಾರಣ, ದಿಕ್ಕು ತಿರುಗಿಸುವ ಹಲಗೆ (ರಡ್ಡರ್) ಅಲ್ಲ.

ಬಿಗುವು ಬರುವುದು ದಪ್ಪದಿಂದ. ಅದೇ ವಸ್ತುವಿನ ದಪ್ಪ ಎರಡರಷ್ಟಾದರೆ ಬಿಗುವು ಎಂಟರಷ್ಟಾಗುತ್ತದೆ. ಬಾಗುವಾಗ ಹಿಗ್ಗುವುದು, ಕುಗ್ಗುವುದು ಎಲ್ಲ ಮೇಲ್ಮೈಯಲ್ಲೇ ಹೆಚ್ಚು. ಹಾಗಾಗಿ ಗಟ್ಟಿ ವಸ್ತು ಮೇಲೊಂದು ಕೆಳಗೊಂದು ತೆಳುವಾಗಿ ಇದ್ದರೆ ಸಾಕು, ನಡುವೆ ಅವೆರಡನ್ನೂ ದೂರ ಹಿಡಿಯುವ ಹಗುರದ್ದೇನಾದರೂ ಇರಲಿ. 20 ಮಿ.ಮೀ. ಥರ್ಮಾಕೋಲಿನ ಎರಡೂ ಬದಿಗೆ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಂದು ಕಾಗದ, ಅದೇ ಪುಸ್ತಕಕ್ಕೆ ಹಾಕುವ ಬೈಂಡ್ ಕಾಗದ, ಅಂಟಿಸಿದರೆ ಫೆವಿಕಾಲ್ ಸೇರಿ ಒಟ್ಟು 150 ಗ್ರಾಂ ಆಗುತ್ತದೆ. 50 ಸೆಂ.ಮೀ. ಅಂತರದ ಎರಡು ಇಟ್ಟಿಗೆ ಮೇಲಿಟ್ಟು ನಡುವೆ ಒಂದು ಲೀಟರ್ ನೀರಿನ ಬಾಟಲಿ ಇಟ್ಟರೆ, ಲೆಕ್ಕದ ಪ್ರಕಾರ ಬರೀ ಥರ್ಮಾಕೋಲ್ 2 ಸೆಂ.ಮೀ. ಹತ್ತಿರ ಜಗ್ಗಬೇಕು, ಪ್ಲೈವುಡ್ 4–5 ಮಿ.ಮೀ., ಕಾಗದ ಹೊದ್ದ ಥರ್ಮಾಕೋಲ್ ಒಂದು ಮಿ.ಮೀ. ಚಿಲ್ಲರೆ. ಫ್ಯಾನಿನ ತೂತು ಕೊರೆಯುವ ಮೊದಲು ಈ ಪರೀಕ್ಷೆ ಮಾಡಿ. 3 ಮಿ.ಮೀ. ದಾಟಿ ಜಗ್ಗಿದರೆ ಎಲ್ಲೋ ಕಾಗದ ಬಿಟ್ಟುಕೊಂಡಿದೆ ಎಂದೇ ಅರ್ಥ. ಉಗುರಿನಿಂದ ತಟ್ಟಿ ನೋಡಿ, ಬಿಟ್ಟ ಕಡೆ ಟೊಳ್ಳು ಸದ್ದು ಬರುತ್ತದೆ.

ಅಲಂಕಾರದ ಥರ್ಮಾಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಹಾಗಾಗಿ ಟಿವಿ, ಫ್ರಿಜ್ ಅಂಗಡಿಯವರು ಹೊರಗೆ ಹಾಕುವ ಪ್ಯಾಕಿಂಗಿನಲ್ಲಿ ಚಪ್ಪಟೆ ತುಂಡು ಆರಿಸಿಕೊಳ್ಳಿ. ಚಾವಣಿಯ ಶಾಖ ತಡೆಯಲು ಹಾಕುವ ಎಕ್ಸ್‌ಪಿಎಸ್ (ಥರ್ಮಾಕೋಲಿನದೇ ಜಾತಿಯ, ಕಾಳಿಲ್ಲದ ಗಟ್ಟಿ ಫೋಮ್) ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. ಇದೇ ಅಳತೆಯ 25 ಮಿ.ಮೀ. ಹಾಳೆ 190 ಗ್ರಾಂ ತೂಗುತ್ತದೆ, ಕಾಗದವಿಲ್ಲದೆಯೂ ತಕ್ಕಮಟ್ಟಿಗೆ ನಿಲ್ಲುತ್ತದೆ. ಥರ್ಮಾಕೋಲ್ ಕೊಯ್ಯಲು ಹೊಸ ಬ್ಲೇಡ್ ಬೇಕೇ ಬೇಕು, ಮೊಂಡಾದದ್ದು ಕಾಳು ಕಾಳಾಗಿ ಕಿತ್ತುಬಿಡುತ್ತದೆ.

ಅಂಟಿನ ವಿಷಯದಲ್ಲಿ ತಪ್ಪಬೇಡಿ. ಫೆವಿಕ್ವಿಕ್, ಚಪ್ಪಲಿ ಅಂಟಿಸುವ ಹಳದಿ ಅಂಟು ಎರಡೂ ಥರ್ಮಾಕೋಲನ್ನು ಕರಗಿಸಿ ಗುಂಡಿ ಮಾಡುತ್ತವೆ. ಬಿಳಿ ಫೆವಿಕಾಲ್ ಮೂರು ಪಾಲು, ನೀರು ಒಂದು ಪಾಲು ಕಲಸಿ ಬ್ರಷ್‌ನಿಂದ ಕಾಗದಕ್ಕೆ ತೆಳುವಾಗಿ ಬಳಿಯಿರಿ. ಕಾಗದ ನೆನೆದು ಹಿಗ್ಗಲು ಎರಡು ನಿಮಿಷ ಬಿಟ್ಟು ಅಂಟಿಸಿದರೆ, ಒಣಗುವಾಗ ತಾನೇ ಡೋಲಿನ ಚರ್ಮದಂತೆ ಬಿಗಿಯುತ್ತದೆ. ಮೊದಲು ಕಾಗದದ ಎಳೆ ನೋಡಿಕೊಳ್ಳಿ. ಒಂದು ತುಂಡು ಹರಿದಾಗ ಯಾವ ದಿಕ್ಕಿಗೆ ನೇರವಾಗಿ ಸೀಳುತ್ತದೋ ಆ ದಿಕ್ಕು ಗಾಡಿಯ ಉದ್ದಕ್ಕೆ ಬರಲಿ. ಎರಡೂ ಬದಿಯನ್ನು ಒಂದೇ ಹೊತ್ತಿಗೆ ಅಂಟಿಸಿ. ಇಂದೊಂದು ನಾಳೆಯೊಂದು ಎಂದರೆ ಹಂಚಿನ ಮೇಲೆ ಒಂದೇ ಮಗ್ಗುಲು ಒಣಗಿದ ರೊಟ್ಟಿಯಂತೆ ಸುರುಳುತ್ತದೆ, ಮತ್ತೆ ನೇರವಾಗುವುದಿಲ್ಲ. ಫರ್ಸಿ ಕಲ್ಲಿನ ನೆಲದ ಮೇಲೆ ಹಳೆಯ ಸೀರೆ ಮಡಚಿ ಹಾಸಿ, ಮೇಲೂ ಬಟ್ಟೆ ಹಾಕಿ, ಸಮನಾಗಿ ಭಾರ ಹೇರಿ. ವಿಜಯಪುರದ ಬೇಸಿಗೆಗೆ ಒಂದು ದಿನ ಸಾಕು, ಬೆಳಗಾವಿಯ ಆಷಾಢದಲ್ಲಿ ಮೂರು ದಿನ ಕೈ ಹಚ್ಚಬೇಡಿ.

ಫ್ಯಾನಿನ ತೂತಿನ ಸುತ್ತ, ಮೋಟಾರ್ ಕಂಬದ ಕೆಳಗೆ, ಬ್ಯಾಟರಿ ಕೂರುವಲ್ಲಿ ಮಾತ್ರ 3 ಮಿ.ಮೀ. ಪ್ಲೈವುಡ್ ತುಂಡು ಹಾಕಿ, ಅರಾಲ್ಡೈಟ್‌ನಿಂದ (ಎರಡು ಟ್ಯೂಬಿನದನ್ನು ಕಲಸಿ ಹಚ್ಚುವ ಎಪಾಕ್ಸಿ ಅಂಟು) ಕೂಡಿಸಿ. ಈ ಅಂಟು ಥರ್ಮಾಕೋಲನ್ನು ತಿನ್ನುವುದಿಲ್ಲ. ಸ್ಕ್ರೂ ನೇರ ಥರ್ಮಾಕೋಲಿಗೆ ಹಾಕಿದರೆ ಹತ್ತು ನಿಮಿಷದ ನಡುಕಕ್ಕೇ ಸಡಿಲಾಗುತ್ತದೆ. ಬಾಗಲಕೋಟೆಯ ಹಿನ್ನೀರಿನಲ್ಲಿ ಬಿಡುವ ಆಸೆಯಿದ್ದರೆ ತಳಕ್ಕೂ ಅಂಚಿಗೂ ಪ್ಯಾಕಿಂಗ್ ಟೇಪನ್ನು ಒಂದರ ಮೇಲೊಂದು 5 ಮಿ.ಮೀ. ಬರುವಂತೆ ಸುತ್ತಿ. ಅದರ ತೂಕ 15 ಗ್ರಾಂ ಒಳಗೇ. ಅಂಚಿನಲ್ಲಿ ಒಂದು ಕಡೆ ಬಿಟ್ಟರೂ ಕಾಗದ ನೀರು ಹೀರಿ ಅಲ್ಲಿಂದಲೇ ಏಳುತ್ತದೆ.